ಬ್ಲೂಟೂತ್ ಇಲ್ಲದ ಸ್ಪೀಕರ್ ಬೇಕಾ? ಅಂಗಡಿಯಲ್ಲಿ ಹೀಗೆ ಕೇಳಿ

ಭಜನೆ ಮುಗಿದು ಫೋನ್ ಆಫ್ ಮಾಡಿದ ಕೂಡಲೇ ಅದೇ ಸ್ಪೀಕರ್‌ನಿಂದ ಪಕ್ಕದ ಮನೆ ಹುಡುಗನ ಡಿಜೆ ಹಾಡು. ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗ ಯಾರದೋ ಮೊಬೈಲಿನ ರೀಲ್ಸ್ ಅಂಗಡಿಯ ಸ್ಪೀಕರ್‌ನಲ್ಲಿ. ಪೇಟೆಯಲ್ಲಿ ಇದೀಗ ಯಾರಿಗೂ ಹೊಸದಲ್ಲ. ಬೇಸತ್ತು 'ಬ್ಲೂಟೂತ್ ಇಲ್ಲದ್ದು ಕೊಡಿ' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಅಂಥದ್ದು ಈಗ ಬರೋದೇ ಇಲ್ಲ ಸಾರ್.'

ಬರುತ್ತೆ. ಆದರೆ ಹೋಮ್ ಥಿಯೇಟರ್, ಸೌಂಡ್‌ಬಾರ್ ಇಟ್ಟಿರುವ ಸಾಲಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಫ್ಎಂ, ಬ್ಲೂಟೂತ್ ನಾಲ್ಕನ್ನೂ ಒಂದೇ ಅಗ್ಗದ ಚಿಪ್ ಮಾಡಿಬಿಡುತ್ತದೆ. ಹಾಗಾಗಿ ಬ್ಲೂಟೂತ್ ಬಿಟ್ಟು ಸೆಟ್ ಮಾಡಿದರೆ ಕಂಪನಿಗೆ ಉಳಿತಾಯವೇನೂ ಇಲ್ಲ, ಡಬ್ಬದ ಮೇಲೆ ಹಾಕಿಕೊಳ್ಳಲು ಒಂದು ಹೆಸರು ಕಡಿಮೆಯಾಗುತ್ತದೆ ಅಷ್ಟೇ.

ಬೇರೆಯವರ ಫೋನ್ ಸೇರಿಕೊಳ್ಳುವುದು ಹೇಗೆ?

ಅಗ್ಗದ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ ನಂಬರ್ ಕೇಳುವುದಿಲ್ಲ. ಆನ್ ಆಗಿದ್ದು, ಯಾರ ಫೋನೂ ಕನೆಕ್ಟ್ ಆಗಿರದಿದ್ದರೆ ಸ್ಪೀಕರ್ ತನ್ನ ಹೆಸರನ್ನು ಸುತ್ತಲಿನ ಎಲ್ಲ ಫೋನ್‌ಗಳಿಗೂ ತೋರಿಸುತ್ತಾ ಕೂರುತ್ತದೆ. ಮೊದಲು ಒತ್ತಿದವರದ್ದೇ ಹಾಡು. ಸಾಮಾನ್ಯ ಬ್ಲೂಟೂತ್‌ನ ವ್ಯಾಪ್ತಿ ಸುಮಾರು 10 ಮೀಟರ್, ಹೊಸ ಸೆಟ್‌ಗಳಲ್ಲಿ ಇನ್ನೂ ಹೆಚ್ಚು. ಒತ್ತೊತ್ತಾಗಿ ಮನೆಗಳಿರುವ ಕೇರಿಯಲ್ಲಿ ಅಷ್ಟು ದೂರದೊಳಗೆ ಮೂರ್ನಾಲ್ಕು ಮನೆ ಬರುತ್ತವೆ, ನಡುವಿನ ಗೋಡೆ ಪೂರ್ತಿ ತಡೆಯುವುದಿಲ್ಲ.

ಆಕ್ಸ್ ಮೋಡ್‌ನಲ್ಲಿ ಇಟ್ಟರೆ ಬಹಳಷ್ಟು ಸೆಟ್‌ಗಳಲ್ಲಿ ಈ ಕಾಟ ನಿಲ್ಲುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ಕೆಲವು ಸೆಟ್‌ಗಳು ತಾವಾಗಿಯೇ ಬ್ಲೂಟೂತ್ ಮೋಡ್‌ಗೆ ವಾಪಸ್. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಎಂದು ಹೇಳಬೇಕಾಗಿಲ್ಲ.

ಹುಡುಕಬೇಕಾದ ಜಾಗ ಬೇರೆ

ಮೊದಲನೆಯದು ಕಂಪ್ಯೂಟರ್ ಅಂಗಡಿ. ಲಾಜಿಟೆಕ್ ಝಡ್313ರಂಥ 2.1 ಸೆಟ್‌ಗಳು ಬರೀ ವೈರ್‌ನವು. ಒಂದು ಕೋಣೆಗೆ, ಸಣ್ಣ ಅಂಗಡಿಗೆ ಸಾಕು. ಮಾಡೆಲ್ ಹೆಸರಿನ ಕೊನೆಯ ಅಕ್ಷರ ಮಾತ್ರ ಸರಿಯಾಗಿ ಓದಬೇಕು. ಕ್ರಿಯೇಟಿವ್ ಪೆಬಲ್ ಮತ್ತು ಪೆಬಲ್ ವಿ2ನಲ್ಲಿ ಬ್ಲೂಟೂತ್ ಇಲ್ಲ, ನೋಡಲು ಹಾಗೇ ಇರುವ ವಿ3ಯಲ್ಲಿ ಇದೆ. ಎಡಿಫೈಯರ್ ಆರ್1280ಟಿಯಲ್ಲಿ ಇಲ್ಲ, ಆರ್1280ಡಿಬಿಯಲ್ಲಿ ಇದೆ. ಹೆಸರಿನಲ್ಲಿ 'ಬಿಟಿ' ಅಂತಿದ್ದರಂತೂ ಕೇಳುವುದೇ ಬೇಡ.

ಎರಡನೆಯದು ರೆಕಾರ್ಡಿಂಗ್‌ನವರು ಬಳಸುವ 'ಸ್ಟುಡಿಯೋ ಮಾನಿಟರ್'. ಯಮಹಾ ಎಚ್‌ಎಸ್5, ಜೆಬಿಎಲ್ 305ಪಿ ಇಂಥವು. ಆಂಪ್ಲಿಫೈಯರ್ ಸ್ಪೀಕರ್‌ನ ಒಳಗೇ ಇರುತ್ತದೆ, ವೈರ್‌ಲೆಸ್ ಏನೂ ಇಲ್ಲ. ಇವುಗಳ ಬೆಲೆಯನ್ನು ಹೆಚ್ಚಾಗಿ ಒಂದೊಂದಕ್ಕೇ ಹೇಳುತ್ತಾರೆ, ಜೋಡಿಗಾ ಒಂದಕ್ಕಾ ಎಂದು ಮೊದಲೇ ಕೇಳಿಕೊಳ್ಳಬೇಕು. ಹಿಂದೆ ಇರುವುದು ದೊಡ್ಡ ಮೈಕ್ ಪಿನ್‌ನ ತೂತು, ಅದಕ್ಕೆ ತಕ್ಕ ಕೇಬಲ್ ಬೇರೆ ತಗೋಬೇಕು.

ಹಳೇ ಕಾಲದ ಹಾಗೆ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬಾಕ್ಸ್ ಬೇರೆ ಇಟ್ಟುಕೊಳ್ಳುವವರಿಗೆ ದಾರಿ ಇನ್ನೂ ಸುಲಭ. ಬಾಕ್ಸ್‌ಗೆ ವೈರ್‌ಲೆಸ್ ಪ್ರಶ್ನೆಯೇ ಬರುವುದಿಲ್ಲ, ಆಂಪ್ಲಿಫೈಯರ್ ಒಂದನ್ನು ನೋಡಿಕೊಂಡರಾಯಿತು. ಯಮಹಾದ ಎ-ಎಸ್201ರಲ್ಲಿ ಬ್ಲೂಟೂತ್ ಇಲ್ಲ, ಆರ್-ಎಸ್202ರಲ್ಲಿ ಇದೆ.

ಇವ್ಯಾವುದೂ ಬೇಡ ಎನ್ನುವವರು ಮೈಕ್‌ಸೆಟ್ ಸಾಮಾನು ಮಾರುವವರ ಬಳಿ ಹೋಗಬಹುದು. ಅಹುಜಾದಂಥ ಆಂಪ್ಲಿಫೈಯರ್‌ಗಳಲ್ಲಿ ಪೆನ್‌ಡ್ರೈವ್-ಬ್ಲೂಟೂತ್ ಇರುವ ಮಾಡೆಲ್‌ಗಳ ಜೊತೆಗೆ ಇಲ್ಲದ ಮಾಡೆಲ್‌ಗಳೂ ಇವೆ. ಭಜನಾ ಮಂದಿರ, ಶಾಲೆಗೆ ಇದೇ ಒಳ್ಳೆಯದು. ಆದರೆ ಒಂದು ಎಚ್ಚರ. ಇವುಗಳ ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಎಂದೂ ಸ್ಕ್ರೂಗಳಿರುತ್ತವೆ. ಮನೆಯ 8 ಓಮ್ ಬಾಕ್ಸನ್ನು 'ಕಾಮ್' ಮತ್ತು '8' ಎಂದಿರುವ ಕಡೆಗೇ ಹಾಕಬೇಕು. 100 ವೋಲ್ಟ್ ಕಡೆ ಹಾಕಿದರೆ ವಾಲ್ಯೂಮ್ ಏರಿಸಿದ ಕೂಡಲೇ ಸ್ಪೀಕರ್ ಸುಟ್ಟು ಹೋಗಬಹುದು.

ಫೋನ್, ಟಿವಿ ಸೇರಿಸುವುದು ಹೇಗೆ?

ಸ್ಪೀಕರ್ ಸಿಕ್ಕರೂ ಅನೇಕರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಹೊಸ ಫೋನ್‌ಗಳಲ್ಲಿ ಇಯರ್‌ಫೋನ್ ತೂತು ಕಾಣೆಯಾಗುತ್ತಿದೆ. ಐಫೋನ್‌ನಲ್ಲಿ 2016ರ ಐಫೋನ್ 7ರಿಂದಲೇ ಇಲ್ಲ. ಟೈಪ್-ಸಿ ಫೋನ್‌ಗೆ 3.5 ಎಂಎಂ ಪರಿವರ್ತಕ ಬೇಕು. ಇದರಲ್ಲೂ ಎರಡು ಜಾತಿ. ಬರೀ ವೈರ್ ಜೋಡಿಸಿದ ಅಗ್ಗದ್ದು ಕೆಲವೇ ಫೋನ್‌ಗಳಿಗೆ ಆಗುತ್ತದೆ, ಒಳಗೆ ಡ್ಯಾಕ್ ಚಿಪ್ ಇರುವುದು ಹೆಚ್ಚು ಫೋನ್‌ಗಳಿಗೆ ಆಗುತ್ತದೆ. 'ಡ್ಯಾಕ್ ಇರೋದು ಕೊಡಿ' ಎಂದೇ ಕೇಳಬೇಕು, ಅಂಗಡಿಯಲ್ಲೇ ತಮ್ಮ ಫೋನ್‌ಗೆ ಹಾಕಿ ನೋಡಬೇಕು. ಚಾರ್ಜಿಗೆ ಹಾಕಿಕೊಂಡೇ ಹಾಡು ಹಚ್ಚಿದಾಗ ಗುಂಯ್ ಎನ್ನುವ ಸದ್ದು ಬಂದರೆ ಸ್ಪೀಕರನ್ನು ಬೈಯುವ ಮುಂಚೆ ಚಾರ್ಜರ್ ತೆಗೆದು ನೋಡಬೇಕು.

ಟಿವಿಯದ್ದು ಇನ್ನೊಂದು ಕಥೆ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಕೆಂಪು-ಬಿಳಿ ಪಿನ್ ಇದ್ದರೆ ಅಲ್ಲಿಂದಲೇ ಸ್ಪೀಕರ್‌ಗೆ ಎಳೆಯಬಹುದು. ಯೂಟ್ಯೂಬ್ ಸದ್ದೂ ಬೇಕೆಂದರೆ ಟಿವಿಯಿಂದಲೇ ತರಬೇಕು, ಆದರೆ ಹಲವು ಹೊಸ ಟಿವಿಗಳಲ್ಲಿ ಇರುವುದು ಆಪ್ಟಿಕಲ್ ಮತ್ತು ಎಚ್‌ಡಿಎಂಐ ಮಾತ್ರ. ಆಗ ಆಪ್ಟಿಕಲನ್ನು ಕೆಂಪು-ಬಿಳಿ ಪಿನ್‌ಗೆ ಬದಲಿಸುವ ಸಣ್ಣ ಡಬ್ಬಿಯೊಂದು ಬೇಕು. ಅದನ್ನು ಹಾಕಿದ ಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ 'ಪಿಸಿಎಂ' ಆರಿಸಬೇಕು. ಇಲ್ಲದಿದ್ದರೆ ಕೆಲವು ಚಾನೆಲ್‌ಗಳಲ್ಲಿ ಸದ್ದೇ ಬರುವುದಿಲ್ಲ, ಗಿರಾಕಿ ಡಬ್ಬಿ ಕೆಟ್ಟಿದೆ ಎಂದು ಮರುದಿನ ಅಂಗಡಿಗೆ ಬರುತ್ತಾನೆ. ಅನೇಕ ಟಿವಿಗಳಲ್ಲಿ ಆಪ್ಟಿಕಲ್ ಸದ್ದು ಟಿವಿ ರಿಮೋಟ್‌ನಿಂದ ಏರುವುದಿಲ್ಲ, ಇಳಿಯುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ವಾಲ್ಯೂಮ್ ತಿರುಗಣೆ ಮುಂದೆಯೇ ಇರುವ ಸ್ಪೀಕರ್ ನೋಡುವುದು ವಾಸಿ.

ಇರುವ ಸೆಟ್ಟಿನಿಂದಲೇ ತೆಗೆಸಬಹುದಾ?

ಕೆಲವದರಲ್ಲಿ ಆಗುತ್ತದೆ. ಲೋಕಲ್‌ನಲ್ಲಿ ಅಸೆಂಬಲ್ ಮಾಡಿದ ಆಂಪ್ಲಿಫೈಯರ್‌ಗಳಲ್ಲಿ ಪೆನ್‌ಡ್ರೈವ್-ಬ್ಲೂಟೂತ್ ಪ್ಯಾನಲ್ ಸಾಮಾನ್ಯವಾಗಿ ಬೇರೆಯೇ ಪುಟ್ಟ ಬೋರ್ಡು. ರಿಪೇರಿಯವರು ಅದರ ಕರೆಂಟಿನ ವೈರ್ ಬಿಡಿಸಿ, ಆಕ್ಸ್ ಪಿನ್ನನ್ನು ನೇರ ಆಂಪ್ಲಿಫೈಯರ್‌ಗೆ ಕೊಡಬಲ್ಲರು. ಕಂಪನಿ ಸೆಟ್‌ಗಳಲ್ಲಿ ರಿಮೋಟ್, ವಾಲ್ಯೂಮ್, ಆಕ್ಸ್ ಎಲ್ಲವನ್ನೂ ಅದೇ ಚಿಪ್ ನೋಡಿಕೊಳ್ಳುತ್ತಿದ್ದರೆ ತೆಗೆದ ಮೇಲೆ ಸೆಟ್ ಸುಮ್ಮನಾಗುತ್ತದೆ. ವಾರಂಟಿ ಇರುವುದನ್ನು ಬಿಚ್ಚಿಸಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ನಿಂತಿರುತ್ತದೆ, ಹಾಗಾಗಿ ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಬೇಡ.

ಅಂಗಡಿಯವರಿಗೂ ಒಂದು ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಮಾಲು ತರಲು ಹೋದಾಗ ವೈರ್‌ನ ಸ್ಪೀಕರ್ ಎರಡು ಪೀಸ್, ಡ್ಯಾಕ್ ಪರಿವರ್ತಕ ನಾಲ್ಕಾರು ತಂದಿಟ್ಟರೆ ನಷ್ಟವಾಗದು. ಡಬ್ಬದ ಮೇಲೆ ಬರೆದಿಲ್ಲವೆಂದು 'ಇದ್ರಲ್ಲಿ ಬ್ಲೂಟೂತ್ ಇಲ್ಲ' ಎಂದು ಹೇಳಿಬಿಡುವ ಮುಂಚೆ ಸೆಟ್ ಆನ್ ಮಾಡಿ, ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ಹೊಸ ಹೆಸರು ಬರುತ್ತದೆಯಾ ನೋಡಬೇಕು. ಪ್ಲಗ್ ತೆಗೆದು ಮತ್ತೆ ಹಾಕಿ ಇನ್ನೊಮ್ಮೆ ನೋಡಬೇಕು, ಬಿಲ್ ಆಮೇಲೆ.