ನಕ್ಷೆ ಬದಲಾದರೆ ಲೆಕ್ಕವೂ ಬದಲಾಗಬೇಕು

ಸೈಟಿನಲ್ಲಿ ಮನೆ ಕಟ್ಟುವವರು ಸೆಟ್‌ಬ್ಯಾಕ್ ನುಂಗಿ ಎರಡಡಿ ಮುಂದೆ ಬಂದರೆ ಪಾಲಿಕೆಯ ನೋಟಿಸಿಗೆ ಹೆದರಬೇಕು. ಸರ್ಕಾರವೇ ಕಟ್ಟಿಸುವ ಸೇತುವೆಯೋ ಕಚೇರಿಯೋ ಮಂಜೂರಾದ ನಕ್ಷೆಗಿಂತ ಬೇರೆಯಾಗಿ ಎದ್ದು ನಿಂತರೆ ಕೇಳುವವರು ಕಡಿಮೆ. ಕೇಳಿದರೂ ಸಿಗುವುದು ಎರಡೇ ಉತ್ತರ: ‘ಸ್ಥಳದ ಪರಿಸ್ಥಿತಿ ಹಾಗಿತ್ತು’, ಇಲ್ಲವೇ ‘ಕೊನೆಗೆ ಒಳ್ಳೆಯದೇ ಆಯಿತಲ್ಲ’. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದ್ದರಿಂದ ನಕ್ಷೆಯಿಂದ ಒಂದಿಂಚೂ ಅಲುಗಬಾರದೆಂದು ಹಟ ಹಿಡಿಯುವುದು ತರವಲ್ಲ. ಮೂಲ ನಕ್ಷೆ ಎಷ್ಟು ಲೆಕ್ಕ, ಎಷ್ಟು ಪರಿಶೀಲನೆ ದಾಟಿ ಬಂತೋ ಅಷ್ಟನ್ನೂ ಬದಲಾವಣೆಯೂ ದಾಟಿ ಬರಬೇಕು ಎಂಬುದಷ್ಟೇ ಇಲ್ಲಿನ ವಾದ.

ಹಾಗೆ ದಾಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಕ್ವಿಬೆಕ್ ಸೇತುವೆ ಸಾಕ್ಷಿ. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ, ಸರ್ಕಾರದ ನೆರವಿನಿಂದ ಕಟ್ಟುತ್ತಿದ್ದ ಆ ಉಕ್ಕಿನ ಸೇತುವೆಯ ನಡುವಿನ ಅಂಕಣ ಮೊದಲ ಯೋಜನೆಯಲ್ಲಿ 1,600 ಅಡಿ ಇತ್ತು. ಕಂಬಗಳನ್ನು ಆಳವಿಲ್ಲದ ನೀರಿನಲ್ಲಿ ನಿಲ್ಲಿಸಲು ಅದನ್ನು 1,800 ಅಡಿಗೆ ಹಿಗ್ಗಿಸಿದರು. ಕಾರಣ ಸಮಂಜಸವೇ. ಆದರೆ ಸೇತುವೆ ತಾನೇ ಹೊರಬೇಕಾದ ತನ್ನ ತೂಕವನ್ನು ಹೊಸ ಉದ್ದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಲಿಲ್ಲ. 1907ರ ಆಗಸ್ಟ್‌ನಲ್ಲಿ, ಭಾರ ಹೊತ್ತ ಉಕ್ಕಿನ ತೊಲೆಗಳು ಡೊಂಕಾಗಿರುವುದು ಸ್ಥಳದಲ್ಲಿದ್ದ ಎಂಜಿನಿಯರರ ಕಣ್ಣಿಗೆ ಬಿತ್ತು. ಅಳೆದು ನೋಡಿದರೆ ಒಂದರ ಬಾಗು ಎರಡಿಂಚು ಮುಟ್ಟಿತ್ತು. ಮೊದಲೇ ಹಾಗಿತ್ತೋ ಈಗ ಬಾಗಿತೋ ಎಂದು ಚರ್ಚೆ ನಡೆಯಿತೇ ಹೊರತು ಕೆಲಸ ನಿಲ್ಲಲಿಲ್ಲ. ಆಗಸ್ಟ್ 29ರಂದು ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ಅವರನ್ನು ಕೊಂದದ್ದು ಹೆಚ್ಚಿಸಿದ ಇನ್ನೂರು ಅಡಿಯಲ್ಲ, ಆ ಇನ್ನೂರು ಅಡಿಗೆ ಯಾರೂ ಹಾಕದೆ ಬಿಟ್ಟ ಲೆಕ್ಕ.

ಇದಕ್ಕೆ ಎದುರಾಗಿ ಕನ್ನಡಿಗರು ತೋರಿಸಬಹುದಾದ ಕಟ್ಟಡ ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಕೆ.ಸಿ. ರೆಡ್ಡಿ ಸರ್ಕಾರದ ಮುಂದಿದ್ದುದು ಇದಕ್ಕಿಂತ ಸರಳವಾದ, ಚಿಕ್ಕ ಕಟ್ಟಡದ ಯೋಜನೆ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಿಗಿಟ್ಟು ಇಂದಿನ ಭವ್ಯ ಶಿಲಾಸೌಧವನ್ನು ಕಟ್ಟಿಸಿದರು. ವೆಚ್ಚ ಸುಮಾರು 1.75 ಕೋಟಿ ರೂಪಾಯಿಗೆ ಏರಿತು. ನಕ್ಷೆಗೇ ಅಂಟಿಕೊಂಡಿದ್ದರೆ ಇದು ನಮಗೆ ದಕ್ಕುತ್ತಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಬದಲಾವಣೆ ಯಾರದ್ದು ಎಂಬುದು ಇಡೀ ರಾಜ್ಯಕ್ಕೆ ಗೊತ್ತಿತ್ತು. ಕೆಂಗಲ್ ಅದನ್ನು ತಮ್ಮದೆಂದೇ ಹೇಳಿಕೊಂಡರು, ಟೀಕೆಯನ್ನೂ ತಾವೇ ಹೊತ್ತರು. ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ಇಂದು ಚರಂಡಿಯ ಅಗಲ ಕಿರಿದಾದಾಗ, ಪಾದಚಾರಿ ಮಾರ್ಗ ಮಾಯವಾದಾಗ ಅದನ್ನು ತೀರ್ಮಾನಿಸಿದವರ ಹೆಸರು ಹೇಳುವವರು ಯಾರು? ಅಲ್ಲದೆ, ಕಣ್ಣಿಗೆ ಹಬ್ಬವಾದ ಒಂದು ಕಟ್ಟಡವನ್ನು ಮುಂದಿಟ್ಟು ಎಲ್ಲ ಬದಲಾವಣೆಗೂ ಮಾಫಿ ಕೊಡಲಾಗದು.

ನೆಲ ಅಗೆದಾಗ ಬಂಡೆ ಸಿಗುತ್ತದೆ, ಯಾರಿಗೂ ಗೊತ್ತಿರದ ಹಳೇ ಪೈಪು ಅಡ್ಡ ಬರುತ್ತದೆ, ಪ್ರತಿಯೊಂದಕ್ಕೂ ಮರುಮಂಜೂರಾತಿ ಎಂದರೆ ಕಾಮಗಾರಿ ವರ್ಷಗಟ್ಟಲೆ ಎಳೆಯುತ್ತದೆ ಎನ್ನುವುದೂ ಸುಳ್ಳಲ್ಲ. ಅದಕ್ಕೆ ಮಿತಿ ಗೊತ್ತುಮಾಡಿದರಾಯಿತು: ಸಣ್ಣಪುಟ್ಟದ್ದನ್ನು ಸ್ಥಳದ ಎಂಜಿನಿಯರ್ ಕಾರಣ ಬರೆದು ಸಹಿ ಹಾಕಿ ತೀರ್ಮಾನಿಸಲಿ, ಭಾರ, ಅಗಲ, ಎತ್ತರ, ನೀರಿನ ಹರಿವು ಬದಲಾಗುವುದಿದ್ದರೆ ಹೊಸ ಲೆಕ್ಕ, ಪರಿಷ್ಕೃತ ಅಂದಾಜು ಆಗಿಯೇ ಕೆಲಸ ಮುಂದುವರಿಯಲಿ. ಮಂಜೂರಾದ ನಕ್ಷೆಯನ್ನು ಕಟ್ಟಡದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ, ಅಕ್ರಮ ಕಟ್ಟಡಗಳ ಪ್ರಕರಣವೊಂದರಲ್ಲಿ ನಿರ್ದೇಶಿಸಿದೆ. ಸರ್ಕಾರಿ ಕಾಮಗಾರಿಯ ಫಲಕದಲ್ಲಿ ಗುತ್ತಿಗೆದಾರನ ಹೆಸರು, ಮೊತ್ತದ ಜೊತೆಗೆ ಮೂಲ ನಕ್ಷೆ, ತಿದ್ದಿದ ನಕ್ಷೆ, ತಿದ್ದಿದ ಕಾರಣ ಮೂರನ್ನೂ ಹಾಕಲು ಹೆಚ್ಚು ದುಡ್ಡೇನೂ ಬೇಡ. ಖಾಸಗಿಯವರಿಗೆ ವಿಧಿಸುವ ನಿಯಮವನ್ನು ಸರ್ಕಾರ ಮೊದಲು ತಾನು ಪಾಲಿಸಿದರೆ, ನೋಟಿಸ್ ಕೊಡುವ ನೈತಿಕ ಹಕ್ಕೂ ಅದಕ್ಕೆ ಉಳಿಯುತ್ತದೆ.