ಎರಡನೆಯ ಹಾರ್ಡ್ ಡಿಸ್ಕ್: ಮಾಹಿತಿಗೊಂದು ಮರುಪ್ರತಿ

ವರ್ಷವಿಡೀ ತೆಗೆದುಕೊಂಡ ಪ್ರಯೋಗದ ಅಳತೆಗಳು, ಪಾಠದ ಟಿಪ್ಪಣಿಗಳು, ಅಂಕಪಟ್ಟಿಗಳು - ಇವೆಲ್ಲ ನಿಮ್ಮ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕಿನಲ್ಲಿವೆಯೇ? ಹಾಗಿದ್ದರೆ ಅದು ಕೆಟ್ಟ ದಿನ ಎಲ್ಲವೂ ಒಟ್ಟಿಗೇ ಹೋದಾವು. ಹೊಸ ಡಿಸ್ಕನ್ನು ಅಂಗಡಿಯಲ್ಲಿ ಕೊಳ್ಳಬಹುದು, ಅಳತೆಗಳನ್ನು ಕೊಳ್ಳಲಾಗದು.

ಹಾರ್ಡ್ ಡಿಸ್ಕ್ ಕೆಡುವುದೇಕೆ? ಅದರೊಳಗಿನ ಕಾಂತೀಯ ಲೇಪನದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತವೆ. 7200 ಎಂದರೆ ಸೆಕೆಂಡಿಗೆ 120 ಸುತ್ತು! ಓದಿ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಆಗ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ತಾಗಿ ಲೇಪನವನ್ನು ಕೆರೆಯಬಹುದು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯೂ ಶಾಶ್ವತವಲ್ಲ. ಬರೆದು ಅಳಿಸಿದಂತೆಲ್ಲ ಅದರ ಸ್ಮೃತಿಕೋಶಗಳು ಸವೆಯುತ್ತವೆ.

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಎರಡನೆಯ ಡಿಸ್ಕ್ ಜೋಡಿಸುವುದು ಕಷ್ಟವಲ್ಲ. ಮೊದಲು ವಿದ್ಯುತ್ ಪ್ಲಗ್ ಕಿತ್ತುಬಿಡಿ. ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಮುಟ್ಟಿ ನಿಮ್ಮ ಮೈಯ ವಿಭವವನ್ನು ಅದರ ವಿಭವಕ್ಕೆ ಸಮಗೊಳಿಸಿ. ಸ್ಥಿರವಿದ್ಯುತ್ತಿನ ಕಿಡಿ ಮಂಡಲಗಳನ್ನು ಕೆಡಿಸಬಲ್ಲದು. ಡಿಸ್ಕನ್ನು ತಿರುಪುಗಳಿಂದ ಬಿಗಿದು, 7 ಪಿನ್ನಿನ ಸಾಟಾ ಕೇಬಲ್ಲಿನಿಂದ ಮದರ್‌ಬೋರ್ಡಿಗೆ ಜೋಡಿಸಿ, 15 ಪಿನ್ನಿನ ವಿದ್ಯುತ್ ಕೇಬಲ್ಲನ್ನೂ ಸಿಕ್ಕಿಸಿ.

ವಿಂಡೋಸ್‌ನಲ್ಲಾದರೆ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ಹೊಸ ಡಿಸ್ಕಿಗೆ ಜಿಪಿಟಿ ವಿಭಜನಾ ಪಟ್ಟಿಯನ್ನು ಆರಿಸಿ. ಹಳೆಯ ಎಂಬಿಆರ್ ವಿಧಾನ 512 ಬೈಟಿನ 2³² ಖಂಡಗಳನ್ನಷ್ಟೇ, ಅಂದರೆ ಸುಮಾರು 2.2 ಟೆರಾಬೈಟನ್ನಷ್ಟೇ ಎಣಿಸಬಲ್ಲದು. ನಂತರ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ. ಎಚ್ಚರ! ಡಿಸ್ಕಿನ ಸಂಖ್ಯೆ, ಗಾತ್ರಗಳನ್ನು ಎರಡು ಸಲ ನೋಡಿ. ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಉಳಿಸಬೇಕಾದ್ದೇ ಅಳಿದೀತು. ಇನ್ನು ನಿಗದಿತ ಅವಧಿಗೊಮ್ಮೆ ಕಡತಗಳ ಪ್ರತಿ ತೆಗೆಯುವ ಕೆಲಸವನ್ನು ವಿಂಡೋಸ್‌ನ 'ಫೈಲ್ ಹಿಸ್ಟರಿ'ಗೆ ಒಪ್ಪಿಸಬಹುದು. ಲಿನಕ್ಸ್‌ನಲ್ಲಿ ಆರ್‌ಸಿಂಕ್ ತಂತ್ರಾಂಶವಿದೆ.

ಇಷ್ಟಾದರೆ ಸಾಕೇ? ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭಾವ್ಯತೆ 1/50 ಎಂದು ಭಾವಿಸಿ. ಎರಡೂ ಕೆಡುವ ಸಂಭಾವ್ಯತೆ 1/2500. ಆದರೆ ಈ ಗುಣಾಕಾರ ಸರಿಯಾಗುವುದು ಎರಡು ಘಟನೆಗಳೂ ಸ್ವತಂತ್ರವಾಗಿದ್ದಾಗ ಮಾತ್ರ. ಒಂದೇ ಪೆಟ್ಟಿಗೆಯ ಡಿಸ್ಕುಗಳು ಸ್ವತಂತ್ರವಲ್ಲ. ಸಿಡಿಲಿನಿಂದ ವೋಲ್ಟೇಜ್ ಒಮ್ಮೆಲೇ ಏರಿದರೆ ಎರಡೂ ಸುಡಬಹುದು. ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ಯಬಹುದು. 2017ರ ಮೇ ತಿಂಗಳಲ್ಲಿ ಹರಡಿದ 'ವಾನಾಕ್ರೈ'ಯಂತಹ ಕುತಂತ್ರಾಂಶಗಳು ಜೋಡಿಸಿಟ್ಟ ಡಿಸ್ಕುಗಳಲ್ಲಿನ ಕಡತಗಳಿಗೂ ಬೀಗ ಹಾಕುತ್ತವೆ. ಆದ್ದರಿಂದ ಮೂರನೆಯ ಪ್ರತಿಯೊಂದನ್ನು ಯುಎಸ್‌ಬಿ ಡಿಸ್ಕಿನಲ್ಲಿ ತೆಗೆದು, ಕಂಪ್ಯೂಟರಿನಿಂದ ಬಿಡಿಸಿ, ಬೇರೆಡೆ ಇಡಿ.

ಕೊನೆಯದಾಗಿ, ಮರುಪ್ರತಿಯಿಂದ ಆಗಾಗ ಒಂದೆರಡು ಕಡತಗಳನ್ನು ತೆರೆದು ನೋಡಿ. ಪ್ರಯೋಗ ಮಾಡಿ ನೋಡದ ಊಹೆಯನ್ನು ನಾವು ನಂಬುವುದಿಲ್ಲ. ತೆರೆದು ನೋಡದ ಮರುಪ್ರತಿಯನ್ನೂ ನಂಬಬಾರದು.