ತಿಳಿವಳಿಕೆಯ ಸಮ್ಮತಿ: ಬೆಳಗಾವಿ ಜಿಲ್ಲೆಯ ಒಂದು ಪ್ರಯೋಗದ ಹಿನ್ನೆಲೆಯಲ್ಲಿ

ವೈದ್ಯಕೀಯ ಸಂಶೋಧನೆಯಲ್ಲಿ ಸಮ್ಮತಿಯೆಂಬುದು ಕೇವಲ ಸಹಿಯಲ್ಲ. ತಾನು ಏನನ್ನು ಒಪ್ಪುತ್ತಿದ್ದೇನೆಂಬ ಅರಿವು ಅದರ ಜೀವಾಳ. ಬೆಳಗಾವಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೊಂದು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ಹೆರಿಗೆಯ ನಂತರದ ಅಧಿಕ ರಕ್ತಸ್ರಾವವನ್ನು ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೆರಿಕದ ಸಹಭಾಗಿಗಳೊಡನೆ 2002ರಿಂದ 2005ರವರೆಗೆ ಇಲ್ಲಿನ ಗ್ರಾಮಗಳಲ್ಲಿ ಪರೀಕ್ಷಿಸಿದರು. ಆರೋಗ್ಯ ಸಹಾಯಕಿಯರ ಮೂಲಕ 812 ಸ್ತ್ರೀಯರಿಗೆ ಔಷಧವನ್ನೂ 808 ಸ್ತ್ರೀಯರಿಗೆ ಔಷಧಾಂಶವಿಲ್ಲದ ಹುಸಿಮಾತ್ರೆಯನ್ನೂ ನಿಗದಿಪಡಿಸಲಾಯಿತು. ಅಧಿಕ ರಕ್ತಸ್ರಾವವು ಹುಸಿಮಾತ್ರೆಯ ಗುಂಪಿನಲ್ಲಿ ಶೇ. 12.0, ಔಷಧದ ಗುಂಪಿನಲ್ಲಿ ಶೇ. 6.4 ಇತ್ತೆಂದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಲಿತಾಂಶ ಲೋಕೋಪಯೋಗಿಯಾದುದು. ಆದರೆ ಇಂಥ ಪ್ರಯೋಗದಲ್ಲಿ ತನಗೆ ಹುಸಿಮಾತ್ರೆಯೇ ದೊರೆಯಬಹುದೆಂಬುದು ಸ್ತ್ರೀಗೆ ಮೊದಲೇ ಮನವರಿಕೆಯಾಗಬೇಕು. ಹೆರಿಗೆನೋವಿನ ನಡುವೆ ಅದು ಅಸಾಧ್ಯ. ಗರ್ಭಾವಸ್ಥೆಯಲ್ಲಿಯೇ ಆಡುಮಾತಿನಲ್ಲಿ ತಿಳಿಸುವುದು ಅಗತ್ಯ. ಇದೇ ಜಿಲ್ಲೆಯ ಕುಲಗೋಡದಂಥ ಊರುಗಳಲ್ಲಿ ಅತ್ತೆ, ಗಂಡಂದಿರ ಸಲಹೆ ಸಹಜವಾದರೂ ಅದು ಆಕೆಯ ಒಪ್ಪಿಗೆಗೆ ಪರ್ಯಾಯವಾಗದು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿಯಾದ ಅಕ್ಷರಸ್ಥ ಸಾಕ್ಷಿಯಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಧಿಸುತ್ತದೆ. ನಿತ್ಯ ಆರೈಕೆ ಮಾಡುವ ಸಹಾಯಕಿಯೇ ಸಮ್ಮತಿ ಕೇಳಿದಾಗ ನಿರಾಕರಿಸುವುದು ಸುಲಭವಲ್ಲ. ಒಲ್ಲೆನೆಂದವಳಿಗೂ ಅದೇ ಆರೈಕೆ ದೊರೆಯುವುದು ಖಚಿತವಾದಲ್ಲಿ ಮಾತ್ರ ಸಮ್ಮತಿಯು ಸ್ವತಂತ್ರವೆನಿಸುತ್ತದೆ.